ಬಯಲುಗುಡಿ ದಿಬ್ಬ

ಕೋಲಾರ ಸೀಮೆಯ ಹಂಚಾಳದಿಂದ ಮೂಡಲಿಗೆ ಅರ್ಧ ಮೈಲಿ ನಡೆದರೆ ಒಂದು ಕಲ್ಲುದಿಬ್ಬ ಸಿಗುತ್ತದೆ. ಅದರ ನೆತ್ತಿಯ ಮೇಲೆ ಆಳೆತ್ತರ ಮೀರಿದ ನಾಲ್ಕು ಗೋಡೆಗಳು. ಮೇಲೆ ಬರೀ ಆಕಾಶ. ಊರವರು ಇದನ್ನು ಬಯಲುಗುಡಿ ದಿಬ್ಬ ಎನ್ನುತ್ತಾರೆ. ಒಳಗೆ ವಿಗ್ರಹವಿಲ್ಲ, ಹಿಂದೆಯೂ ಇರಲಿಲ್ಲ.

ಹಿಂದೆ ಒಮ್ಮೆ, ಇಲ್ಲಿ ಚಿನ್ನದ ಗಣಿ ತೋಡುತ್ತಿದ್ದ ಕಾಲದಲ್ಲಿ, ಕಡಲಾಚೆಯ ವೇಲ್ಸ್ ನಾಡಿನಿಂದ ಒಂಬತ್ತು ಸಂಸಾರಗಳು ಕೆಲಸಕ್ಕೆ ಬಂದವಂತೆ. ಮೈಬಣ್ಣ ನೋಡಿ ಊರವರು ಅವರನ್ನೂ ಇಂಗ್ಲಿಷರೆಂದೇ ತಿಳಿದಿದ್ದರು. ಆದರೆ ಅವರ ಮಾತು ಬೇರೆ, ಹಾಡು ಬೇರೆ. ಇಂಗ್ಲಿಷರ ಚರ್ಚಿನಲ್ಲಿ ಅವರಿಗೆ ಹಿಂದಿನ ಬೆಂಚು ಸಿಕ್ಕಿತು, ತಮ್ಮ ನುಡಿಯಲ್ಲಿ ಪ್ರಾರ್ಥಿಸಲು ಎಡೆ ಸಿಗಲಿಲ್ಲ. ಅವರ ಹಿರಿಯ ಎಮ್ರಿಸ್ ಎಂಬಾತ ಎಲ್ಲರನ್ನೂ ಈ ದಿಬ್ಬದ ಮೇಲೆ ಕೂಡಿಸಿ ಭಾನುವಾರದ ಪ್ರಾರ್ಥನೆ ಆರಂಭಿಸಿದ. ಗಣಿಯ ಪಾಳಿ ಮುಗಿಸಿ ಬಂದು ಅವರೇ ಕಲ್ಲು ಹೊತ್ತರು. ಎರಡು ವರ್ಷದಲ್ಲಿ ಗೋಡೆ ಎದ್ದಿತು. ಛಾವಣಿಗೆಂದು ಹಂಚಾಳದ ಬಡಗಿ ಮೌನಾಚಾರಿ ತೇಗದ ತೊಲೆಗಳನ್ನು ಕೆತ್ತಿ ಸಿದ್ಧಮಾಡಿದ.

ಆ ಬೇಸಿಗೆಯಲ್ಲಿ ಕಾಲರಾ ಬಂತು. ವಲಸೆಯವರ ಪಾಳ್ಯದಲ್ಲಿ ಎರಡೇ ದಿನಕ್ಕೆ ಆರು ಮಂದಿ ಹೋದರು. ಅವರಲ್ಲಿ ಎಮ್ರಿಸ್ ಒಬ್ಬ. ರೋಗಕ್ಕೆ ಹೆದರಿ ಗಾಡಿಗಳು ಬರುವುದು ನಿಂತು, ಶವಪೆಟ್ಟಿಗೆಗೆ ಒಂದು ಹಲಗೆಯೂ ಸಿಗಲಿಲ್ಲ. ಎಮ್ರಿಸನ ಹೆಂಡತಿ ಗ್ವೆನ್ ಮೌನಾಚಾರಿಯ ಮನೆಗೆ ಬಂದು, ತಡವರಿಸುವ ಕನ್ನಡದಲ್ಲಿ, ತೊಲೆಗಳನ್ನು ಹಲಗೆಯಾಗಿ ಕೊಯ್ಯಲು ಕೇಳಿದಳು.

“ಅದು ದೇವರಿಗೆಂದು ಎತ್ತಿಟ್ಟ ಮರ ತಾಯಿ. ನನಗೆ ಕೈ ಬರುವುದಿಲ್ಲ” ಎಂದ ಅವನು.

“ನಾವು ಮಳೆಯಲ್ಲಿ ಕೂತು ಪ್ರಾರ್ಥನೆ ಮಾಡುತ್ತೇವೆ, ಆಚಾರಿ. ಇವರನ್ನು ಬರಿಯ ಮಣ್ಣಿಗೆ ಹಾಕಲಾರೆ.”

ಆಚಾರಿ ಗರಗಸ ತೆಗೆದುಕೊಂಡ. ರೋಗ ಇಳಿಯುವ ಹೊತ್ತಿಗೆ ಹದಿನೇಳು ಪೆಟ್ಟಿಗೆಗಳಾಗಿದ್ದವು. ಛಾವಣಿಗೆ ಮರ ಉಳಿಯಲಿಲ್ಲ.

ಮಳೆಗಾಲ ಬಂದಾಗ ಬದುಕುಳಿದವರು ಆಡಿದಂತೆಯೇ ನೆನೆಯುತ್ತ ಕೂತು ಹಾಡಿದರಂತೆ. ಮರುವರ್ಷ ಮೌನಾಚಾರಿ ತಾನಾಗಿಯೇ ಹೊಸ ಮರ ತಂದು ಇಳಿಸಿದ. ಗ್ವೆನ್ ಅವನನ್ನು ತಡೆದಳು. “ನಮ್ಮ ಸೂರನ್ನು ಅವರಿಗೆ ಹೊದಿಸಿದ್ದೇವೆ. ಇನ್ನೊಂದು ಬೇಡ” ಎಂದಳು. ಮುಂದೆ ಗಣಿ ಬತ್ತಿತು, ಉಳಿದವರು ಹಡಗು ಹತ್ತಿದರು. ಅವಳು ಮಾತ್ರ ಗೋರಿಗಳನ್ನು ಬಿಟ್ಟು ಹೋಗಲಿಲ್ಲ. ಸಾಯುವವರೆಗೂ ಭಾನುವಾರಗಳಂದು ಆ ಗೋಡೆಗಳ ನಡುವೆ ಒಬ್ಬಳೇ ಹಾಡುತ್ತಿದ್ದಳು ಎನ್ನುತ್ತಾರೆ.

ಈಗ ದಿಬ್ಬ ಹತ್ತಿ ನೋಡಿದವರಿಗೆ ಗೋಡೆಯ ಪಡುವಣ ಬದಿಯಲ್ಲಿ ಹದಿನೆಂಟು ಗೋರಿಕಲ್ಲುಗಳು ಕಾಣುತ್ತವೆ. ಹದಿನೇಳರ ಮೇಲಿನ ಬರಹ ವೇಲ್ಸ್ ನುಡಿಯದು. ಕೊನೆಯ ಕಲ್ಲು ನೆಡುವಾಗ ಆ ನುಡಿ ಬಲ್ಲವರು ಇಲ್ಲಿ ಯಾರೂ ಉಳಿದಿರಲಿಲ್ಲ. ಮುದುಕನಾಗಿದ್ದ ಮೌನಾಚಾರಿ ತನಗೆ ಬರುತ್ತಿದ್ದ ಅಕ್ಷರದಲ್ಲೇ ಕೊರೆದಿದ್ದಾನೆ: ‘ಗ್ವೆನಮ್ಮ, ಹಂಚಾಳದವಳು.’