ಕುಂಕುಮ ಹಚ್ಚಿದ ಚೈನು

ಭಾಳ ಹಿಂದ, ಈ ಡಾಂಬರು ರಸ್ತೆ ಇನ್ನೂ ಕೆಮ್ಮಣ್ಣಿನ ದಾರಿ ಆಗಿದ್ದಾಗ, ಕಣವಿ ಕೆಳಗ ಒಂದೂರಿತ್ತಂತ. ಆ ಊರಾಗ ಮೋನಪ್ಪ ಅಂತ ಒಬ್ಬ ಮಿಸ್ತ್ರಿ ಇದ್ದನಂತ. ಕಣವಿ ದಾಟೂ ಗಾಡಿಗಳ ರಿಪೇರಿ ಅವನ ಕಸುಬು. ಏ ತಮ್ಮಾ, ಆ ಮೊಬೈಲ್ ಕಿಸೇದಾಗ ಇಡು, ಇಲ್ಲಾಂದ್ರ ನಾ ಹೇಳಂಗಿಲ್ಲ.

ಮೋನಪ್ಪ ಬಾನೆಟ್ ಎತ್ತತಿದ್ದಿಲ್ಲಂತ. ಗಾಡಿ ಊರ ಬಾಗಲದ ಅಗಸಿ ದಾಟಿ ಬರೂದ್ರಾಗ ಸಪ್ಪಳ ಕೇಳಿ, ಒಳಗ ಏನು ಸವದೈತಿ ಅಂತ ಹೇಳತಿದ್ದನಂತ. ಕೆಟ್ಟ ಗಾಡಿ ಅವನ ಶೆಡ್ಡಿನ ಮುಂದ ತಾನಽ ನಿಲ್ಲತಿತ್ತು ಅಂತಾರ. ಅದೆಲ್ಲಾ ಜನ ಸೇರಿಸಿದ್ದು ಇದ್ದೀತು. ಆದ್ರ ಚೈನಿನ ಮಾತು ಖರೆ.

ಇಂಜಿನ್ನಿನ ಹೊಟ್ಟ್ಯಾಗ ಒಂದು ಚೈನು ಇರತೈತಿ, ಟೈಮಿಂಗ್ ಚೈನು. ಮ್ಯಾಲಿನ ವಾಲ್ವು, ಕೆಳಗಿನ ಪಿಸ್ಟನ್ನು ಎರಡೂ ತಾಳ ತಪ್ಪದಂಗ ನಡಸೂದು ಅದಽ. ಅದು ಹರೀತಂದ್ರ ಗಾಡಿ ನಿಂತಲ್ಲೇ ಹೆಣ. ಹೊಸಾ ಚೈನು ಬಂತಂದ್ರ ಮೋನಪ್ಪ ಅದನ್ನ ಅಡ್ಡ ಮಲಗಿಸಿ, ಒಂದು ತುದಿ ಹಿಡದು ಎತ್ತತಿದ್ದ. ಗಟ್ಟಿ ಚೈನು ನೆಟ್ಟಗ ನಿಲ್ಲತಿತ್ತು. ಖೋಟಾ ಮಾಲು ಬಾಡಿದ ಅವರಿಕಾಯಿ ಹಂಗ ಜೋತು ಬೀಳತಿತ್ತು. ಬಾಕ್ಸಿನ ಹೊಳಪು ನೋಡಿ ಮರುಳಾಗಬ್ಯಾಡ್ರಿ ಅಂತಿದ್ದ. ಚೈನು, ಹಲ್ಲಿನ ಚಕ್ರ, ಆಸರ ಕೊಡೂ ಗೈಡು, ಬಿಗಿ ಹಿಡಿಯೂ ಟೆನ್ಷನರು, ಎಲ್ಲಾ ಕೂಡೇ ಬದಲು ಮಾಡಬೇಕು ಅಂತಿದ್ದ.

ಆ ಊರಿಗೆ ಇದ್ದದ್ದು ಒಂದಽ ಕಾರು, ಫಕೀರಪ್ಪಂದು. ಬಸರಿ ಹೆಣ್ಣಮಕ್ಕಳನ್ನ ಕಣವಿ ಆಚಿ ದವಾಖಾನಿಗೆ ಒಯ್ಯೂದು ಅದಽ. ಆ ಸಲ ಅವನ ಹೆಂಡ್ತಿ ನೀಲವ್ವನಽ ತುಂಬಿದ ಬಸರಿ. ಗಾಡಿ ಒಳಗ ಚೈನು ಕಟಕಟ ಅನ್ನಾಕ ಹತ್ತಿತ್ತು. ಫಕೀರಪ್ಪ ಪ್ಯಾಟಿಗೆ ಹೋಗಿ ಬರೇ ಚೈನೊಂದು ತಂದ. ಆ ಊರಾಗ ಒಂದು ಪದ್ಧತಿ ಇತ್ತು. ಹೊಸಾ ಸಾಮಾನು ಏನಽ ತರ್ಲಿ, ಮದಲ ಕಣವಿ ಕಾಯೂ ದೇವಿ, ಕಣವಿ ಅವ್ವನ ಮುಂದಿಟ್ಟು ಕುಂಕುಮ ಹಚ್ಚಬೇಕು. ಫಕೀರಪ್ಪ ಹಚ್ಚಿಸಿದ. ನನ್ನ ಹೆಂಡ್ತಿ ಸುಸೂತ್ರ ಹಡೀಲವ್ವಾ ಅಂತ ಬೇಡ್ಕೊಂಡ. ಆಮ್ಯಾಲೆ ಮೋನಪ್ಪನ ಕೈಯಾಗ ಕೊಟ್ಟ.

ಮೋನಪ್ಪ ಅಡ್ಡ ಹಿಡದ. ಚೈನು ಜೋತು ಬಿತ್ತು. ಕುಂಕುಮ ಉದುರಿ ಅವನ ಕಾಲ ಮ್ಯಾಲೆ ಬಿತ್ತಂತ.

ಇದು ಬ್ಯಾಡ, ವಾಪಸ್ ಕೊಟ್ಟು ಬ್ಯಾರೆ ತಾ ಅಂದ. ಫಕೀರಪ್ಪ ಹೌಹಾರಿದ. ಅವ್ವನ ಮುಂದಿಟ್ಟದ್ದನ್ನ ವಾಪಸ್ ಕೊಟ್ರ ಅವ್ವಗಽ ಬ್ಯಾಡ ಅಂದಂಗ, ಬಸರಿ ಇದ್ದ ಮನ್ಯಾಗ ಅಂಥಾ ಕೆಲಸ ಮಾಡ್ತಾರೇನು ಅಂದ. ನೆರೆದವರೂ ಹಂಗಽ ಅಂದ್ರು. ಕಡೀಕ ನೀಲವ್ವ ತಾನಽ ಬಂದು ಶೆಡ್ಡಿನ ಬಾಗಲಾಗ ನಿಂತ್ಲಂತ.

"ಹಾಕ್ರಿ ಮಾವಾ, ಅವ್ವ ಕಾಯ್ತಾಳ" ಅಂದ್ಲಂತ.

 ಎಲ್ಲಾ ಬಲ್ಲ ಮೋನಪ್ಪ ಸುಮ್ಮನಾದ. ಆ ಚೈನನ್ನ ಸವದ ಗೈಡಿನ ಮ್ಯಾಲೇ ಏರಿಸಿ ಬಿಗದ. ಅಯ್ಯ ಶಿವನ, ಏನ್ ಹೇಳ್ಲಿ! ಒಂದು ಸಲ ಗದರಿಸಿದ್ರ ಸಾಕಿತ್ತು. ನಟ್ಟು ಬಿಚ್ಚೂ ಪಾನಾ ಒಗದು ಎದ್ದು ಹೋಗಿದ್ರ ಸಾಕಿತ್ತು. ನೆನಸಿದ್ರ ಇವತ್ತಿಗೂ ನನಗ ಮೈ ಉರೀತೈತಿ.

ನೀಲವ್ವಗ ಬ್ಯಾನಿ ಹತ್ತಿದ ದಿನ ಗಾಡಿ ಕಣವಿ ನಟ್ಟನಡುವ ನಿಂತಿತು. ಚೈನು ಹರದಿತ್ತು. ರಣರಣ ಬಿಸಲು. ಹಿಂದ ಮುಂದ ಒಂದು ಬಂಡಿ ಸೈತ ಇಲ್ಲ. ದನ ಕಾಯವರು ಓಡಿ ಬಂದು ಹೇಳಿ, ಮೋನಪ್ಪ ಏದುಸಿರು ಬಿಡಕೋತ ಅಲ್ಲಿ ಮುಟ್ಟೂದ್ರಾಗ ತಾಯಿನೂ ಹೋಗಿದ್ಲು, ಕೂಸೂ ಹೋಗಿತ್ತು. ಫಕೀರಪ್ಪ ಅವನ್ನ ಹೊಡೀಲಿಲ್ಲ, ಬೈಯಲಿಲ್ಲ. ನಿನಗ ಗೊತ್ತಿತ್ತಲ್ಲ ಕಾಕಾ, ಅಂದನಂತ, ಅಷ್ಟಽ.

ಅವತ್ತಿನಿಂದ ಮೋನಪ್ಪ ಶೆಡ್ಡಿನ ಬಾಗಲಾ ತೆಗೀಲಿಲ್ಲ. ಹರದ ಚೈನು ಕೊಳ್ಳಾಗ ಹಾಕ್ಕೊಂಡು ಕಣವ್ಯಾಗ ತಿರಗತಿದ್ದನಂತ. ಬಂದ ಗಾಡಿಗೆಲ್ಲಾ ಕೈ ಅಡ್ಡ ಹಿಡೀತಿದ್ದ, ಏನೋ ಹೇಳಾಕ ಬಾಯಿ ತೆಗೀತಿದ್ದ, ಸ್ವರ ಮಾತ್ರ ಹೊರಡತಿದ್ದಿಲ್ಲ ಅಂತಾರ. ಒಂದು ದಿನ ಕಾಣದಂಗ ಆದ. ಅವ್ವ ಕರಕೊಂಡ್ಲು ಅಂತಾರ, ಕಮರಿಗೆ ಬಿದ್ದ ಅಂತಾರ. ಹುಡುಕಾಕ ಯಾರೂ ಹೋಗಲಿಲ್ಲ.

ಈಗೂ ಆ ಸೀಮ್ಯಾಗ ಹೊಸಾ ಚೈನಿಗೆ ಮದಲ ಕುಂಕುಮ ಹಚ್ಚಂಗಿಲ್ಲ. ಮದಲ ಮಿಸ್ತ್ರಿ ಕೈಯಾಗ ಕೊಡ್ತಾರ. ಕೊಡೂ ಮುಂದ, ಮೋನಪ್ಪನಂಗ ಸುಮ್ಮನಿರಬ್ಯಾಡಪಾ ಅಂತಾರ. ಮಿಸ್ತ್ರಿ ಅಡ್ಡ ಹಿಡದು ನೋಡಿ, ಬರೊಬ್ಬರಿ ಐತಿ ಅಂತಾಗಲಿ, ಬ್ಯಾಡ ಅಂತಾಗಲಿ, ರಸ್ತೆತನಕ ಕೇಳೂವಂಗ ಒದರಬೇಕು. ಬರೊಬ್ಬರಿ ಅಂತ ಅವ ಒದರೂತನಕ ಬಸರಿ ಹೆಣ್ಣಮಗಳು ಆ ಗಾಡಿ ಹತ್ತಂಗಿಲ್ಲ.