ಬಾಣಂತಿ ಕೋಣೆಗೆ ತಂದ ಯಂತ್ರ

ಮಠದ ಉಗ್ರಾಣ ನೋಡಿಕೊಳ್ಳುತ್ತಿದ್ದ ಶಂಭುಲಿಂಗ ಒಂದು ಬೆಳಿಗ್ಗೆ ಗುರುಗಳ ಮುಂದೆ ಕೈಮುಗಿದು ನಿಂತು ಕೇಳಿದ:

“ಬುದ್ಧಿ, ಮಠಕ್ಕೆ ಗ್ಯಾಸಿನ ಅಪಾಯ ತಿಳಿಸುವ ಯಂತ್ರ ತರಬೇಕೆಂದು ಭಕ್ತರು ಹೇಳುತ್ತಿದ್ದಾರೆ. ಅಂಗಡಿಗೆ ಹೋದರೆ ಹತ್ತು ಬಗೆ ತೋರಿಸುತ್ತಾರೆ. ಸಿಲಿಂಡರ್ ಸೋರಿದರೆ ಕೂಗುವುದು ಒಂದು, ಕೆಂಡದಿಂದ ಏಳುವ ವಿಷಗಾಳಿಗೆ ಕೂಗುವುದು ಇನ್ನೊಂದು. ಯಾವುದನ್ನು ಆರಿಸಲಿ? ಒಳ್ಳೆಯ ಯಂತ್ರವನ್ನು ಗುರುತಿಸುವುದು ಹೇಗೆ?”

ಗುರುಗಳು ನಕ್ಕರು. “ಯಂತ್ರದ ವಿಷಯಕ್ಕೆ ಸನ್ಯಾಸಿಯನ್ನು ಹಿಡಿದೆಯಲ್ಲ, ಭಲೆ! ನನಗೆ ಗೊತ್ತಿರುವುದು ಒಂದು ಕತೆ. ಕೂತುಕೋ. ನಡುವೆ ಬಾಯಿ ಹಾಕಬೇಡ” ಎಂದು ಹೇಳತೊಡಗಿದರು.

ಒಬ್ಬ ಪಾತ್ರೆ ವರ್ತಕನಿದ್ದ. ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಒಬ್ಬಳೇ ಮಗಳು. ಅವಳ ತಲೆ ಬಾಚಿ ಜಡೆ ಹಾಕಿ ಶಾಲೆಗೆ ಕಳಿಸಿದವನೂ ಅವನೇ, ಒಳ್ಳೆಯ ಮನೆ ನೋಡಿ ಮದುವೆ ಮಾಡಿದವನೂ ಅವನೇ. ಮಗಳೆಂದರೆ ಅವನಿಗೆ ಪ್ರಾಣ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀನು ಅವನನ್ನು ಕಟುಕ ಎಂದುಕೊಳ್ಳಬಾರದು.

ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಬೀಗರು ಹಿಂದೆಮುಂದೆ ನೋಡಿದರು. “ತಾಯಿಯಿಲ್ಲದ ಮನೆಯಲ್ಲಿ ಬಾಣಂತನ ಹೇಗೆ ನಡೆದೀತು? ನಮ್ಮಲ್ಲೇ ಇರಲಿ” ಎಂದರು. ತಪ್ಪು ಮಾತೇನಲ್ಲ. ಆದರೆ ವರ್ತಕನಿಗೆ ಅದು ಚುರುಕ್ಕೆಂದಿತು. “ತಾಯಿ ಮಾಡುವುದಕ್ಕಿಂತ ಒಂದು ಕೈ ಮೇಲಾಗಿಯೇ ಮಾಡುತ್ತೇನೆ. ತಾಯಿಮಗು ಇಬ್ಬರನ್ನೂ ನಿಮಗೆ ಸುಖವಾಗಿ ಒಪ್ಪಿಸುವುದು ನನ್ನ ಹೊಣೆ” ಎಂದು ಮಾತು ಕೊಟ್ಟ. ಮಾತು ಕೊಟ್ಟ ಮೇಲೆ ಅವನಿಗೆ ನಿದ್ದೆಯಿಲ್ಲ. ಹೆರಿಗೆ ಸುಸೂತ್ರವಾಗಿ ಆದ ಮೇಲೆ ಯಾರು ಏನು ಹೇಳಿದರೂ ಮಾಡಿದ. ಮೆಣಸಿನ ಸಾರು, ಬೆಳ್ಳುಳ್ಳಿ, ಹಂಡೆ ತುಂಬ ಬಿಸಿನೀರು, ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಬಾಣಂತಿಗೆ ಗಾಳಿ ತಾಗಬಾರದೆಂದು ಕೋಣೆಯ ಕಿಟಕಿಗಳನ್ನೆಲ್ಲ ಮುಚ್ಚಿಸಿದ. ನೀರು ಹಾಕಿದ ಮೇಲೆ ಮೈ ಕಾಯಲೆಂದು ಮಂಚದ ಪಕ್ಕದಲ್ಲಿ ಅಗ್ಗಿಷ್ಟಿಕೆ ಇಡಿಸಿದ.

ಹೀಗೆ ಮಾಡುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದೇ. ಆದರೆ ಹಿಂದಿನ ಮನೆಗಳಿಗೆ ಹೆಂಚಿನ ಸೂರು, ಸಂದಿಸಂದಿಯಲ್ಲೂ ಗಾಳಿ ಆಡುತ್ತಿತ್ತು. ವರ್ತಕನದು ಹೊಸ ಮನೆ. ಮೇಲೆ ತಾರಸಿ, ಗಾಜಿನ ಕಿಟಕಿ, ಹಾಕಿದರೆ ಇರುವೆಗೂ ದಾರಿ ಸಿಗದ ಬಾಗಿಲು. ಬಾಣಂತಿಗೂ ಮಗುವಿಗೂ ನೀರು ಹಾಕಲು ಬರುತ್ತಿದ್ದ ಮುದುಕಿ ಹೇಳಿದಳು, “ಎರಡು ಕೆಂಡ ಸಾಕು ಬುಡಿ, ಬಾಗಿಲು ಒಂಚೂರು ತೆಗೆದಿರಲಿ” ಎಂದು. ವರ್ತಕ ಕೇಳಬೇಕಲ್ಲ! “ಎರಡು ಕೆಂಡ ಯಾವ ಮೂಲೆಗೆ? ಇದ್ದಿಲಿಗೂ ಗತಿಯಿಲ್ಲದವನೇನು ನಾನು?” ಎಂದು ಅಗ್ಗಿಷ್ಟಿಕೆಯನ್ನು ತುಂಬಿಸಿದ.

ಪಕ್ಕದ ಮನೆಯವರೊಬ್ಬರು ಇದನ್ನು ನೋಡಿ, ಮುಚ್ಚಿದ ಕೋಣೆಯಲ್ಲಿ ಕೆಂಡ ಅಪಾಯ, ವಿಷಗಾಳಿ ಏಳುತ್ತದೆ, ಕೆಂಡ ಬಿಡಲಾಗದಿದ್ದರೆ ಒಂದು ಯಂತ್ರವನ್ನಾದರೂ ತಂದು ಹಾಕಿ ಎಂದರು. ಕೆಂಡ ತೆಗೆಯಬಹುದಿತ್ತು. ಅದು ಸುಲಭ, ಆದ್ದರಿಂದ ವರ್ತಕನಿಗೆ ರುಚಿಸಲಿಲ್ಲ. ಯಂತ್ರ ತರಲು ಪೇಟೆಗೆ ಹೋದ.

ಅಂಗಡಿಯವನು ಒಳ್ಳೆಯವನು. “ಎಲ್ಲಿಗೆ ಬೇಕು ಸ್ವಾಮಿ? ಒಲೆಯ ಸಿಲಿಂಡರ್ ಸೋರುವುದಕ್ಕಾದರೆ ಇದು. ಆ ಗ್ಯಾಸ್ ಭಾರ, ಕೆಳಗೆ ಇಳಿಯುತ್ತದೆ, ಯಂತ್ರವನ್ನು ನೆಲದ ಹತ್ತಿರ ಹಾಕಬೇಕು. ಕೆಂಡಕ್ಕೆ, ಗ್ಯಾಸ್ ಗೀಸರಿಗೆ ಆದರೆ ಕಾರ್ಬನ್ ಮಾನಾಕ್ಸೈಡಿನದು. ಅದು ಬೇರೆ. ಆ ಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗುವ ಕಡೆ ಹಾಕಬೇಕು” ಎಂದು ಎರಡನ್ನೂ ಮುಂದಿಟ್ಟ.

ನಮ್ಮ ವರ್ತಕ ಮೂವತ್ತು ವರ್ಷ ಪಾತ್ರೆ ಮಾರಿದವನು. ಹಿತ್ತಾಳೆಯೋ ಕಂಚೋ, ಬೆರಳಿನಿಂದ ಬಡಿದು ನಾದ ಕೇಳಿದರೆ ಸಾಕು, ಒಡಕಿದೆಯೋ ಗಟ್ಟಿಯಿದೆಯೋ ಹೇಳಿಬಿಡುತ್ತಿದ್ದ. ಆ ವಿದ್ಯೆ ಎಲ್ಲ ಕಡೆ ನಡೆಯುತ್ತದೆ ಎಂದುಕೊಂಡ. “ಎಲ್ಲಾ ಗ್ಯಾಸೇ ತಾನೆ ಕಣಯ್ಯಾ? ಎರಡನ್ನೂ ಕೂಗಿಸು ನೋಡೋಣ” ಎಂದ. ಅಂಗಡಿಯವನು ಗುಂಡಿ ಒತ್ತಿ ಎರಡನ್ನೂ ಕೂಗಿಸಿದ. ಸಿಲಿಂಡರಿನದು ಬೀದಿಯಲ್ಲಿ ಹೋಗುವವರು ತಿರುಗಿ ನೋಡುವಂತೆ ಕೂಗಿತು. “ಇದೇ ಗಟ್ಟಿ” ಎಂದು ಅದನ್ನೇ ಕಟ್ಟಿಸಿಕೊಂಡ. ಡಬ್ಬಿಯ ಮೇಲೆ ಏನು ಬರೆದಿದೆ ಎಂದು ತಿರುಗಿಸಿಯೂ ನೋಡಲಿಲ್ಲ ಮಹಾರಾಯ.

ಮನೆಗೆ ತಂದು ತೊಟ್ಟಿಲ ಮೇಲಿನ ಗೋಡೆಗೆ ಹಾಕಿದ. ಅರಿಸಿನ ಕುಂಕುಮ ಹಚ್ಚಿದ. ಹಸಿರು ದೀಪ ಹತ್ತಿತು. ಬಂದವರಿಗೆಲ್ಲ ಮೊಮ್ಮಗುವಿಗಿಂತ ಮೊದಲು ಅದನ್ನೇ ತೋರಿಸಿದ.

ಹೆರಿಗೆಯಾದ ಮೂರನೆಯ ದಿನ ಮಗಳು ಹೇಳಿದಳು, “ಅಪ್ಪಾ, ತಲೆ ಸಿಡಿಯುತ್ತಿದೆ. ಬಚ್ಚಲಿಗೆ ಹೋದಾಗ ಸರಿಹೋಗುತ್ತದೆ, ಕೋಣೆಗೆ ಬಂದರೆ ಮತ್ತೆ ಶುರು. ಕೆಂಡ ತೆಗೆಸಪ್ಪ.”

ವರ್ತಕ ಗೋಡೆ ನೋಡಿದ. “ಯಂತ್ರ ಸುಮ್ಮನಿದೆಯಲ್ಲ ತಾಯಿ. ಏನಾದರೂ ಇದ್ದಿದ್ದರೆ ಅದು ಊರು ಒಂದು ಮಾಡುತ್ತಿತ್ತು. ನಿನಗೆ ಪಿತ್ತ ಏರಿದೆ, ಅಷ್ಟೇ” ಎಂದು ಜೀರಿಗೆ ಕಷಾಯ ಕಾಯಿಸಿ ತಾನೇ ಕುಡಿಸಿದ.

ಐದನೆಯ ದಿನ ಅವಳಿಗೆ ವಾಂತಿಯಾಯಿತು. ಅಂದೂ ಹೇಳಿದಳು. ಅವನು ಉಪ್ಪು ಮೆಣಸಿನಕಾಯಿ ನೀವಾಳಿಸಿ ದೃಷ್ಟಿ ತೆಗೆದ. ಏಳನೆಯ ದಿನ ಮಗು ಸರಿಯಾಗಿ ಹಾಲು ಎಳೆಯಲಿಲ್ಲ. ಅಂದು ಅವಳು ಹೇಳಲೂ ಇಲ್ಲ, ಗೋಡೆ ಹಿಡಿದು ಎದ್ದು ಹೋಗಿ ಕಿಟಕಿಯನ್ನು ಒಂದು ಗೇಣು ತೆರೆದಳು. ವರ್ತಕ ಅದನ್ನು ಕಂಡು ಹೌಹಾರಿದ. ತನ್ನ ಕೈಯಾರೆ ಕಿಟಕಿ ಮುಚ್ಚಿ ಸಂದಿಗೆ ಹಳೆಯ ಪಂಚೆಯ ತುಂಡು ತುರುಕಿದ. “ಹಟ ಮಾಡಬೇಡ. ನಾಳೆ ನಿನಗೆ ಶೀತವಾದರೆ ಬೀಗರು ನನ್ನ ಮುಖಕ್ಕೆ ಉಗಿಯುತ್ತಾರೆ” ಎಂದ.

ಕೇಳಿಸಿಕೊಂಡೆಯಾ ಮರಿ? ಮಗಳು ಹೇಳಿದ್ದು ತನ್ನ ತಲೆನೋವು. ಅವನಿಗೆ ನೆನಪಾದದ್ದು ಬೀಗರ ಬಾಯಿ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಮನೆಯವರು ಬಾಯಿಬಿಟ್ಟು ಹೇಳುವುದು ನಮಗೆ ಯಾವತ್ತೂ ಸಾಲದು. ಅದೇ ಮಾತನ್ನು ಪೇಟೆಯಿಂದ ತಂದ ಡಬ್ಬಿ ಹೇಳಿದ್ದರೆ ಅವನು ಪಂಚೆ ಎತ್ತಿ ಕಟ್ಟಿ ಓಡುತ್ತಿದ್ದ.

ಹನ್ನೊಂದನೆಯ ದಿನ ಹೆಸರಿಡುವ ಶಾಸ್ತ್ರ. ಬೀಗರು ಹೊತ್ತೇರುವ ಮುಂಚೆಯೇ ಗಾಡಿ ಮಾಡಿಕೊಂಡು ಬಂದಿಳಿದರು. ಮುದುಕಿ ಆಗಲೇ ನೀರು ಹಾಕಿ, ತಾಯಿಮಗುವನ್ನು ಕೋಣೆಯಲ್ಲಿ ಮಲಗಿಸಿ, ಬಚ್ಚಲು ತೊಳೆಯುತ್ತಿದ್ದಳು. ಬರುವವರ ಮುಂದೆ ಕಡಿಮೆಯಾಗಬಾರದೆಂದು ವರ್ತಕ ಅಂದು ಅಗ್ಗಿಷ್ಟಿಕೆಗೆ ಇನ್ನೊಂದು ಮೊರ ಇದ್ದಿಲು ಸುರಿಸಿದ್ದ. ಬೀಗರಿಗೆ ಕಾಲಿಗೆ ನೀರು ಕೊಟ್ಟ, ಪಾನಕ ಕೊಟ್ಟ. “ಬನ್ನಿ, ಬಾಣಂತಿ ಕೋಣೆ ನೋಡಿ. ಇಂಥ ವ್ಯವಸ್ಥೆ ನಿಮ್ಮ ಊರಿನಲ್ಲಿ ಯಾರೂ ಮಾಡಿರಲಿಕ್ಕಿಲ್ಲ” ಎಂದು ಮುಂದೆ ನಿಂತು ಬಾಗಿಲು ತೆಗೆದ.

ಮಗಳು ಮಂಚದಿಂದ ಅರ್ಧ ಕೆಳಗೆ ಜಾರಿ ಬಿದ್ದಿದ್ದಳು. ಮೈಮೇಲೆ ಎಚ್ಚರವಿರಲಿಲ್ಲ. ಒಂದು ಕೈ ತೊಟ್ಟಿಲಿನ ಕಡೆಗೆ ಚಾಚಿತ್ತು. ತೊಟ್ಟಿಲಲ್ಲಿ ಮಗುವಿನ ಕತ್ತು ಒಂದು ಪಕ್ಕಕ್ಕೆ ವಾಲಿತ್ತು. ಗೋಡೆಯ ಮೇಲೆ ಹಸಿರು ದೀಪ ಉರಿಯುತ್ತಲೇ ಇತ್ತು.

ಆಗ ಆ ತಂದೆಯ ಬಾಯಿಂದ ಬಂದ ಮೊದಲ ಮಾತು ಏನು ಗೊತ್ತೇ? ಮಗಳ ಹೆಸರಲ್ಲ, ದೇವರ ಹೆಸರೂ ಅಲ್ಲ. “ಯಂತ್ರ ಕೂಗಿಲ್ಲವಲ್ಲ!” ಎಂದ. ಥೂ, ಹೇಳುವುದಕ್ಕೆ ನನಗೇ ನಾಚಿಕೆಯಾಗುತ್ತದೆ.

ಬಚ್ಚಲಿನಿಂದ ಓಡಿಬಂದ ಮುದುಕಿ ಅವನನ್ನು ಪಕ್ಕಕ್ಕೆ ನೂಕಿದಳು. ಪಂಚೆಯ ತುಂಡು ಕಿತ್ತೆಸೆದು ಕಿಟಕಿ ತೆರೆದಳು, ಅಗ್ಗಿಷ್ಟಿಕೆಯನ್ನು ಸೆರಗಿನಲ್ಲೇ ಹಿಡಿದು ಅಂಗಳಕ್ಕೆ ಒಯ್ದಳು. ಬೀಗಿತಿ ಮಗುವನ್ನು ಎತ್ತಿಕೊಂಡು ಹೊರಗಿನ ಗಾಳಿಗೆ ಓಡಿದಳು. ಬೀಗರು ಸೊಸೆಯನ್ನು ಹೊತ್ತು ಗಾಡಿಗೆ ಹಾಕಿದರು. ವರ್ತಕ ಮಾತ್ರ ಬಾಗಿಲ ಹತ್ತಿರ ಕಾಲು ಕಿತ್ತಿಡಲಾರದೆ ನಿಂತಿದ್ದ. ಕೊನೆಗೆ ಯಾರೋ ಅವನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಗಾಡಿಯಲ್ಲಿ ಕೂರಿಸಿದರು.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ದೇವರು ದೊಡ್ಡವನು, ಇಬ್ಬರೂ ಉಳಿದರು. ಇನ್ನೂ ಸ್ವಲ್ಪ ತಡವಾಗಿದ್ದರೆ ನಮ್ಮ ಕೈಯಲ್ಲಿರುತ್ತಿರಲಿಲ್ಲ ಎಂದರು ವೈದ್ಯರು.

ಪ್ರಾಣ ಉಳಿಯಿತು ಎಂದು ತಿಳಿದ ಮೇಲೆ ವರ್ತಕನಿಗೆ ಸಿಟ್ಟು ಬಂತು. ಯಂತ್ರವನ್ನು ಕಿತ್ತು ತಂದು ಅಂಗಡಿಯ ಮುಂದೆ ನಿಂತು ಕೂಗಾಡಿದ. ಜನ ಸೇರಿದರು. ಅಂಗಡಿಯವನು ಒಳಗಿನಿಂದ ಅಂಥದ್ದೇ ಇನ್ನೊಂದು ಯಂತ್ರದ ಡಬ್ಬಿ ತಂದ. ಡಬ್ಬಿಯನ್ನು ತಿರುಗಿಸಿ ಹಿಡಿದ. ಕೆಂಡದ, ಗೀಸರಿನ ವಿಷಗಾಳಿಗೆ ಈ ಯಂತ್ರ ಅಲ್ಲ ಎಂದು ದಪ್ಪ ಅಕ್ಷರದಲ್ಲಿ, ಅಚ್ಚ ಕನ್ನಡದಲ್ಲಿ ಬರೆದಿತ್ತು. ಸೇರಿದ್ದವರೆಲ್ಲ ಓದಿದರು. ವರ್ತಕನೂ ಓದಿದ. ಯಂತ್ರವನ್ನು ಅಲ್ಲೇ ಬಿಟ್ಟು ತಲೆ ಬಗ್ಗಿಸಿಕೊಂಡು ಹೊರಟ.

ಆಸ್ಪತ್ರೆಗೆ ಹೋಗಿ ಮಗಳ ಮಂಚದ ಪಕ್ಕ ಕೂತ. ಅವಳು ಕಣ್ಣು ಬಿಟ್ಟಿದ್ದಳು. ಕ್ಷಮಿಸು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ತಪ್ಪು ಮಾಡಿದವನ ಬಾಯಿಗೆ ಆ ಮಾತು ಸುಲಭವಾಗಿ ಬರುವುದಿಲ್ಲ, ಬೇರೆ ಏನೇನೋ ಬರುತ್ತದೆ. “ಒಂದು ಸಲ ಜೋರಾಗಿ ಹೇಳಬಾರದಿತ್ತೇನಮ್ಮಾ?” ಎಂದ.

ಮಗಳು ಅವನ ಮುಖ ನೋಡಿದಳು. ಸಿಟ್ಟಿನಿಂದಲ್ಲ. “ಇನ್ನೆಷ್ಟು ಜೋರಾಗಿ ಹೇಳಬೇಕಿತ್ತಪ್ಪಾ?” ಎಂದು ಕೇಳಿದಳು.

ವರ್ತಕ ಎದ್ದು ಹೊರಗೆ ಹೋದ. ಆಸ್ಪತ್ರೆಯ ಬೇವಿನ ಮರದ ಕೆಳಗೆ, ಹೋಗಿಬರುವವರೆಲ್ಲ ನೋಡುತ್ತಿರುವಾಗಲೇ, ಹೆಗಲ ಮೇಲಿನ ವಲ್ಲಿಯಿಂದ ಮುಖ ಮುಚ್ಚಿಕೊಂಡು ಅತ್ತ. ಮೂರು ಸಲ ಹೇಳಿದ್ದಳು. ಮೂರನೆಯ ಸಲ ಬಾಯಿಂದಲ್ಲ, ಕೈಯಿಂದ ಹೇಳಿದ್ದಳು. ಪ್ರತಿ ಸಲವೂ ಅವನು ಅವಳ ಮುಖ ಬಿಟ್ಟು ಗೋಡೆಯನ್ನೇ ನೋಡಿದ್ದ. ಅಂಗೈ ಹುಣ್ಣಿಗೆ ಕನ್ನಡಿ ಹುಡುಕಿದ್ದ.

ಬೀಗರು ಸೊಸೆಯನ್ನೂ ಮಗುವನ್ನೂ ಆಸ್ಪತ್ರೆಯಿಂದಲೇ ತಮ್ಮೂರಿಗೆ ಕರೆದುಕೊಂಡು ಹೋದರು. ಒಂದು ಕೆಟ್ಟ ಮಾತೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು ಅವನಿಗೆ. “ನೀವೂ ಆರೋಗ್ಯ ನೋಡಿಕೊಳ್ಳಿ” ಎಂದು ಹೇಳಿ ಹೋದರು ನೋಡು, ಅದನ್ನು ಅವನು ಸಾಯುವ ತನಕ ಮರೆಯಲಿಲ್ಲ. ಆಮೇಲೆ ಮಗಳು ಬಂದು ಹೋಗಿ ಮಾಡುತ್ತಿದ್ದಳು, ಪ್ರೀತಿಯೂ ಇತ್ತು. ಆದರೆ ಅವಳು ತಲೆಗೆ ಕೈ ಇಟ್ಟುಕೊಂಡರೆ ಸಾಕು, ವರ್ತಕನ ಮುಖ ಕಪ್ಪಿಡುತ್ತಿತ್ತು. ಅವಳ ಕಣ್ಣಿಗೆ ಕಣ್ಣು ಕೊಟ್ಟು ಅವನು ಮತ್ತೆ ಮಾತಾಡಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿ ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡರು.

ಶಂಭುಲಿಂಗ ನಿಟ್ಟುಸಿರು ಬಿಟ್ಟ. “ಪಾಪ, ಎಂಥ ತಂದೆ ಬುದ್ಧಿ! ಸರಿ, ತಿಳಿಯಿತು. ಅಡುಗೆಮನೆಗೆ ಸಿಲಿಂಡರಿನದು, ನೆಲದ ಹತ್ತಿರ. ಕೆಂಡ ಇರುವ ಕಡೆಗೆ ಇನ್ನೊಂದು. ಡಬ್ಬಿ ಓದಿ ಎರಡನ್ನೂ ತರುತ್ತೇನೆ. ಈಗಲೇ ಹೊರಟೆ” ಎಂದು ಎದ್ದ.

“ತಾ, ಎರಡೂ ಬೇಕು” ಎಂದರು ಗುರುಗಳು. “ಆದರೆ ಇದ್ದಿಲು ಇಸ್ತ್ರಿಯ ಕೋಣೆಯಲ್ಲಿ ತಲೆ ಸುತ್ತುತ್ತದೆ ಎಂದು ನಮ್ಮ ಬಟ್ಟೆ ಒಗೆಯುವ ಹೊನ್ನಮ್ಮ ನಿನ್ನ ಹತ್ತಿರ ನಾಲ್ಕು ದಿನದಿಂದ ಹೇಳುತ್ತಿದ್ದಾಳಂತೆ, ಅವಳಿಗೆ ನೀನು ಏನು ಉತ್ತರ ಕೊಟ್ಟೆ ಎಂಬುದನ್ನು ನನಗೆ ಹೇಳಿ ಹೋಗು.”