ಒಂದೇ ಪ್ರಶ್ನೆಗೆ ಎರಡು ಉತ್ತರ

ಹೊಳೆದಂಡೆಯ ಆಶ್ರಮದಲ್ಲಿ ಗಂಗಾಬಾಯಿ ಅಕ್ಕೋರು ಇದ್ದರು. ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ, ಕೂದಲು ಬೆಳ್ಳಗಾದ ಮೇಲೆ ಇಲ್ಲಿ ಬಂದು ನೆಲೆಸಿದವರು.

ಗಂಡನಿಲ್ಲ, ಮಕ್ಕಳಿಲ್ಲ. ಯಾಕಿಲ್ಲ ಅನ್ನುವುದಕ್ಕೆ ಊರಲ್ಲಿ ಬೇಕಾದಷ್ಟು ಕಥೆಗಳಿದ್ದವು. ಎಲ್ಲವೂ ರುಚಿಯಾಗಿದ್ದವು, ಒಂದೂ ನಿಜವಲ್ಲ.

ಸಂಜೆಯಾದರೆ ಅವರ ಹತ್ತಿರ ದಾಕ್ಷಾಯಣಿ ಬರುತ್ತಿದ್ದಳು. ಬಿಎಸ್ಸಿ ಓದುವ ಹುಡುಗಿ. ಕಾಲೇಜಿನವರು ಕೊಟ್ಟ ಹೋಂವರ್ಕನ್ನು ಅಕ್ಕೋರ ಚಾಪೆಯ ಮೇಲೆ ಕೂತೇ ಬರೆಯಬೇಕು ಅವಳು. ಊರವರು ಅವಳನ್ನು ಅಕ್ಕೋರ ಶಿಷ್ಯೆ ಅನ್ನುತ್ತಿದ್ದರು. ಹಾಗೆ ಅನ್ನಿಸಿಕೊಂಡಾಗ ಅವಳ ಕುತ್ತಿಗೆ ಒಂದಿಷ್ಟು ಉದ್ದವಾಗುತ್ತಿತ್ತು.

ಆಮೇಲೆ ಸುಗಂಧಾ ಬಂದಳು.

ಅದೇ ಕಾಲೇಜು, ಅದೇ ತರಗತಿ. ಬೆಕ್ಕಿನ ಕಣ್ಣು, ಮೆತ್ತಗಿನ ಮಾತು. ಅಕ್ಕೋರು ಚಾಪೆಯ ಮೇಲೆ ಸರಿದು, “ಬಾರವಾ, ಕೂಡು” ಅಂದರು.

ಸರಿದದ್ದು ಗೇಣಷ್ಟೇ. ದಾಕ್ಷಾಯಣಿಗೆ ಮಾತ್ರ ಹೊಳೆಯ ಆಚೆ ದಡಕ್ಕೆ ದಬ್ಬಿದಂತಾಯಿತು.

ಅಕ್ಕೋರು ಆ ಸಂಜೆಯ ಪ್ರಶ್ನೆ ಓದಿದರು. “ಹೊಟ್ಟ್ಯಾಗಿನ ಆಮ್ಲ ತಿಂದದ್ದನ್ನೆಲ್ಲಾ ಅರಗಸ್ತದ. ಹೊಟ್ಟೀನ ಯಾಕ ಅರಗಸೂದಿಲ್ಲ?”

ದಾಕ್ಷಾಯಣಿ ಬಾಯಿ ತೆರೆಯುವಷ್ಟರಲ್ಲಿ ಸುಗಂಧಾ ಹೇಳಿಬಿಟ್ಟಳು. “ಒಳಗ ಲೋಳಿ ಪದರ ಇರ್ತದ್ರಿ ಅಕ್ಕೋರ. ಅದು ಕಾಯ್ತದ.”

“ಶಾಭಾಸ್.”

ಪದರ ಇತ್ತೋ ಹರಿದಿತ್ತೋ, ದಾಕ್ಷಾಯಣಿಯ ಹೊಟ್ಟೆ ಅಂದಿನಿಂದ ಉರಿಯತೊಡಗಿತು.

ಸುಗಂಧಾಳ ಹಾಳೆಯನ್ನು ಅಕ್ಕೋರು ತುಸು ಹೆಚ್ಚು ಹೊತ್ತು ಹಿಡಿದರೆ ಸಂಕಟ. ಸುಗಂಧಾ ತಂದ ಶೇಂಗಾ ಚಟ್ನಿಯನ್ನು ಇನ್ನೊಮ್ಮೆ ಹಾಕಿಸಿಕೊಂಡರೆ ಅದಕ್ಕೂ ಸಂಕಟ. ತಾನು ತಂದ ಅಗಸಿ ಚಟ್ನಿಯನ್ನು ಯಾವತ್ತಾದರೂ ಹಾಗೆ ಬೆರಳು ನೆಕ್ಕಿಕೊಂಡು ತಿಂದಿದ್ದರೇ?

ಒಂದು ದಿನ ತಡೆಯದೆ ಕೇಳಿದಳು.

“ಅಕ್ಕೋರ, ನಿಮ್ಮ ಶಿಷ್ಯೆ ನಾನಲ್ರಿ?”

“ಹೌದವಾ.”

“ಮತ್ತ ಸುಗಂಧಾ?”

“ಆಕೀನೂ.”

ಇಷ್ಟು ಹೇಳಿ ಅಕ್ಕೋರು ಗಿಡಕ್ಕೆ ನೀರು ಹಾಕಲು ಎದ್ದರು. ದಾಕ್ಷಾಯಣಿ ಕೂತೇ ಇದ್ದಳು. ಆ ‘ಆಕೀನೂ’ ಅನ್ನುವುದು ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು.

ಹೀಗಿರುವಾಗ ಕಾಲೇಜಿನಲ್ಲಿ ಕೊಟ್ಟ ಪ್ರಶ್ನೆಗಳಲ್ಲಿ ಒಂದು ಹೀಗಿತ್ತು. ತಾಯಿಗೂ ಕಪ್ಪು ಕಣ್ಣು, ತಂದೆಗೂ ಕಪ್ಪು ಕಣ್ಣು. ಮಗುವಿಗೆ ಬೆಕ್ಕಿನ ಕಣ್ಣು. ಇದು ಸಾಧ್ಯವೇ? ಕಾರಣ ಬರೆಯಿರಿ.

ದಾಕ್ಷಾಯಣಿ ಮುತ್ತಿನಂಥ ಅಕ್ಷರದಲ್ಲಿ ಬರೆದಳು. ‘ಸಾಧ್ಯ. ಬೆಕ್ಕಿನ ಕಣ್ಣಿನ ಗುಣ ತಂದೆ ತಾಯಿ ಇಬ್ಬರಲ್ಲೂ ಹೊರಗೆ ತೋರದೆ ಅಡಗಿರಬಹುದು. ಎರಡೂ ಕಡೆಯಿಂದ ಅದೇ ಬಂದಾಗ ಮಗುವಿನಲ್ಲಿ ಕಾಣಿಸಿಕೊಳ್ಳುತ್ತದೆ.’

ಬರೆದು, ತಿದ್ದಿ ಮಾರ್ಕ್ಸ್ ಹಾಕಲೆಂದು ಅಕ್ಕೋರ ಕೈಗೆ ಕೊಟ್ಟಳು. ಮರುದಿನ ಬೆಳಿಗ್ಗೆ ಬಟ್ಟೆ ಒಗೆಯಲು ಹೊಳೆಗೆ ಹೋದಳು.

ಅಲ್ಲಿ ನಿಂಗವ್ವ ಇದ್ದಳು. ತನ್ನ ಮನೆಯ ಒಲೆ ಆರಿದರೂ ಆದೀತು, ಮಂದಿಯ ಮನೆಯ ಹೊಗೆ ಯಾವ ಕಡೆ ಹೋಯಿತು ಅನ್ನುವುದು ಅವಳಿಗೆ ಗೊತ್ತಾಗಬೇಕು.

“ಏನವಾ ದಾಕ್ಷಾಯಣಿ, ಕಾಲೇಜಿನ್ಯಾಗ ಏನ ಕಲಸಾಕತ್ತಾರ ಈಗ?”

“ಅಪ್ಪಗ, ಅವ್ವಗ ಇಬ್ಬರಿಗೂ ಕರೀ ಕಣ್ಣಿದ್ರ ಕೂಸಿಗೆ ಬೆಕ್ಕಿನ ಕಣ್ಣು ಬರೂದಿಲ್ಲಂತ ಕಲಸ್ಯಾರ್ರಿ ಅತ್ತಿ.”

ನಿಂಗವ್ವ ಎತ್ತಿದ ಸೀರೆ ಎತ್ತಿದಂತೆಯೇ ಉಳಿಯಿತು.

“ಹಂಗಾರ ಆ ಸುಗಂಧಾ…?”

“ಅದನ್ನೆಲ್ಲಾ ನಾ ಹೆಂಗ ಹೇಳ್ಲಿ? ಪುಸ್ತಕದಾಗ ಇದ್ದದ್ದು ಹೇಳ್ದೆ.”

ಎಂಥ ನಾಜೂಕು ನೋಡಿ! ಬೆಂಕಿ ಹಚ್ಚಿದ್ದೂ ಆಯಿತು, ಕೈಗೆ ಮಸಿಯೂ ಹತ್ತಲಿಲ್ಲ.

ಒಗೆದ ಬಟ್ಟೆ ಒಣಗುವುದರೊಳಗೆ ಸುದ್ದಿ ಊರೆಲ್ಲ ಸುತ್ತಿತು. ಸುಗಂಧಾಳ ಓಣಿಗೆ ಹಿಂದೆ ಬರುತ್ತಿದ್ದ ಬಳೆಗಾರನ ಕಣ್ಣು ಎಂಥದಿತ್ತು ಎಂದು ನೆನಪು ಮಾಡಿಕೊಂಡವರೂ ಇದ್ದರು. ಅವನ ಮುಖವನ್ನೇ ನೋಡದವರು ಕೂಡ ಕಣ್ಣು ಮಾತ್ರ ನೋಡಿದ್ದರು.

ಸುಗಂಧಾಳ ಅಪ್ಪ ಅಂದು ಹೆಂಡತಿ ಹಾಕಿದ ರೊಟ್ಟಿ ಮುಟ್ಟಲಿಲ್ಲ. ಮಗಳಿಗೆ, ಕಾಲೇಜು ಸಾಕು ಅಂದ. ಮುಖ ನೋಡದೆಯೇ ಅಂದ.

ಸಂಜೆ ಸುಗಂಧಾ ಆಶ್ರಮಕ್ಕೆ ಬರಲಿಲ್ಲ. ದಾಕ್ಷಾಯಣಿ ಚಾಪೆಯ ತುಂಬ ಹರಡಿಕೊಂಡು ಕೂತಳು.

“ಸುಗಂಧಾ ಬರಲಿಲ್ಲಲ್ರಿ ಅಕ್ಕೋರ, ಪಾಪ.”

ಆ ‘ಪಾಪ’ ಅನ್ನುವ ಮಾತು ನಾಲಗೆಯ ಮೇಲೆ ಬೆಲ್ಲದಂತೆ ಕರಗಿತು.

ಅಕ್ಕೋರು ಅವಳ ಹಾಳೆ ಹಿಂದೆ ಕೊಟ್ಟರು. ಎಲ್ಲ ಉತ್ತರಗಳಿಗೂ ಕೆಂಪು ಶಾಯಿಯ ಗುರುತಿತ್ತು. ಬೆಕ್ಕಿನ ಕಣ್ಣಿನ ಉತ್ತರದ ಪಕ್ಕ ಮಾತ್ರ ಖಾಲಿ.

“ಇದಕ್ಕ ಮಾರ್ಕ್ಸ್ ಹಾಕಿಲ್ಲಲ್ರಿ? ತಪ್ಪೈತೇನ್ರಿ?”

“ನೀ ಇದಕ್ಕ ಎರಡು ಉತ್ತರ ಕೊಟ್ಟೀದಿ. ಒಂದು ಹಾಳ್ಯಾಗ, ಒಂದು ಹೊಳಿ ದಂಡ್ಯಾಗ. ಯಾವುದಕ್ಕ ಹಾಕ್ಲಿ?”

ದಾಕ್ಷಾಯಣಿಯ ಮುಖ ಬಿಳಿಚಿತು. ಹೊಳೆದಂಡೆಯ ಮಾತು ಆಶ್ರಮದ ಗೋಡೆ ದಾಟಲಿಕ್ಕಿಲ್ಲ ಅಂದುಕೊಂಡಿದ್ದಳು, ಹುಚ್ಚಿ.

ಹಾಳೆಯನ್ನು ಮತ್ತೆ ಅಕ್ಕೋರ ಕಡೆ ಸರಿಸಿದಳು. “ತಿದ್ದಿಕೊಡ್ರಿ ಅಕ್ಕೋರ.”

“ಹಾಳ್ಯಾಗಿಂದು ಸರಿನ ಅದ. ತಪ್ಪು ಎಲ್ಲಿ ಬರದೀದಿ, ಅಲ್ಲೇ ತಿದ್ದಬೇಕಲ್ಲ?”

ಬೆಳಿಗ್ಗೆ ದಾಕ್ಷಾಯಣಿ ಹೊಳೆಗೆ ಹೋದಳು. ಒಗೆಯುವ ಬಟ್ಟೆ ಇರಲಿಲ್ಲ. ಬಟ್ಟೆ ಒಗೆಯುತ್ತಿದ್ದ ಹೆಂಗಸರ ಎದುರು ಬರಿಗೈಯಲ್ಲಿ ಕಲ್ಲಿನ ಮೇಲೆ ನಿಂತಳು.

“ನಾ ನಿನ್ನಿ ಹೇಳಿದ್ದು ಸುಳ್ಳು. ಕರೀ ಕಣ್ಣಿನವರಿಗೆ ಬೆಕ್ಕಿನ ಕಣ್ಣಿನ ಕೂಸು ಹುಟ್ತದ. ಇಬ್ಬರೊಳಗೂ ಅಡಗಿರ್ತದ, ಕೂಸಿನ್ಯಾಗ ಹೊರಗ ಬರ್ತದ.”

ನಿಂಗವ್ವ ಸೊಂಟಕ್ಕೆ ಕೈಯಿಟ್ಟಳು. “ಯವ್ವಾ, ಪುಸ್ತಕ ರಾತ್ರೋರಾತ್ರಿ ಬದಲಾತೇನ?”

“ಪುಸ್ತಕ ಅದ ಐತ್ರಿ. ನಾನ ಬೇಕಂತ ಸುಳ್ಳು ಹೇಳಿದ್ದೆ.”

“ಯಾಕವಾ?”

“ಹೊಟ್ಟೆಕಿಚ್ಚಿಗೆ.”

ಹೊಟ್ಟೆಕಿಚ್ಚು ಅಲ್ಲಿದ್ದವರಲ್ಲಿ ಯಾರಿಗೆ ಗೊತ್ತಿಲ್ಲ? ಅದನ್ನು ಹೆಸರು ಹಿಡಿದು ಕರೆದದ್ದನ್ನು ಮಾತ್ರ ಅವರು ಕೇಳಿರಲಿಲ್ಲ.

ಆಮೇಲೆ ಶುರುವಾಯಿತು ನೋಡಿ. ಒಬ್ಬಳು ಮಗನ ಮೂಗಿನ ವಿಚಾರ ಕೇಳಿದಳು. ಇನ್ನೊಬ್ಬಳು ತನ್ನ ನಾದಿನಿಯ ಮಗಳ ಗುಂಗುರು ಕೂದಲಿನ ವಿಚಾರ ಕೇಳಿದಳು. ಕೇಳುವಾಗ ನಾದಿನಿ ಹತ್ತಿರದಲ್ಲಿಲ್ಲವೆಂದು ಹಿಂದೆ ಮುಂದೆ ನೋಡಿಕೊಂಡಳು.

ತುದಿಯ ಕಲ್ಲಿನ ಹತ್ತಿರ ಒಬ್ಬಳು ಬೆನ್ನು ಹಾಕಿ ಒಗೆಯುತ್ತಿದ್ದಳು. ಈಗ ಎದ್ದು ತಿರುಗಿದಳು. ಸುಗಂಧಾಳ ಅವ್ವ.

ದಾಕ್ಷಾಯಣಿಗೆ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು.

ಅವಳು ಹತ್ತಿರ ಬಂದು, ಹಿಂಡಿದ ಸೀರೆಯನ್ನು ಹೆಗಲಿಗೆ ಹಾಕಿಕೊಂಡು ಅಂದಳು. “ನನ್ನ ಗಂಡ ಹೊಳಿಗೆ ಬರೂದಿಲ್ಲ. ನಮ್ಮ ಮನಿಗೆ ನಡಿ.”

ದಾಕ್ಷಾಯಣಿ ಹಿಂದೆಯೇ ನಡೆದಳು. ಅವರ ಅಡುಗೆಮನೆಯ ನೆಲದ ಮೇಲೆ ಇದ್ದಿಲಿನಿಂದ ನಾಲ್ಕು ಮನೆಯ ಚೌಕ ಬರೆದಳು. ಒಂದು ಬದಿಗೆ ಅಪ್ಪನ ಗುಣ, ಇನ್ನೊಂದು ಬದಿಗೆ ಅವ್ವನ ಗುಣ. ಮೂರು ಮನೆಯಲ್ಲಿ ಕಪ್ಪು ಕಣ್ಣು, ಒಂದು ಮನೆಯಲ್ಲಿ ಬೆಕ್ಕಿನ ಕಣ್ಣು. ಬಾಗಿಲ ಮರೆಯಲ್ಲಿ ಸುಗಂಧಾ ನಿಂತಿದ್ದಳು.

ಸುಗಂಧಾಳ ಅಪ್ಪ ಬಗ್ಗಿ ಬೆಕ್ಕಿನ ಕಣ್ಣಿನ ಮನೆಯ ಮೇಲೆ ಬೆರಳಿಟ್ಟ.

“ಅಂದ್ರ ಇದು ನನ್ನ ಕಡಿಂದ್ಲೂ ಬಂದಿರಬೇಕು?”

“ಇಬ್ಬರ ಕಡಿಂದ್ಲೂ ಬರಬೇಕ್ರಿ ಕಾಕಾ. ಅವ್ವ ಒಬ್ಬಾಕಿಯಿಂದ ಆಗೂದಿಲ್ಲ.”

ಅವನು ಕೆಮ್ಮಿದ. ಮೀಸೆ ಸವರಿಕೊಂಡ. ಆಮೇಲೆ ಹೆಂಡತಿಯ ಕಡೆ ನೋಡದೆ, “ಏ, ರೊಟ್ಟಿ ಹಾಕು” ಅಂದ.

“ಬುಟ್ಟಿ ಅಲ್ಲೇ ಅದ. ನಿಮಗೂ ಕೈ ಅವ” ಅಂದಳು ಅವಳು.

ಆ ಮನೆಯಲ್ಲಿ ಗಂಡ ತಾನೇ ಬಡಿಸಿಕೊಂಡು ಉಂಡದ್ದು ಅದೇ ಮೊದಲಂತೆ. ಊರಿಗೆ ಇನ್ನೊಂದು ವಾರ ಅದೇ ಮಾತು ಸಾಕಾಯಿತು.

ಸುಗಂಧಾ ಮತ್ತೆ ಕಾಲೇಜಿಗೆ ಹೋದಳು. ಸಂಜೆ ಆಶ್ರಮಕ್ಕೂ ಬಂದಳು. ಚಾಪೆಯ ಮೇಲೆ ತನ್ನ ಜಾಗದಲ್ಲಿ ಕೂತಳು. ದಾಕ್ಷಾಯಣಿಯ ಕಡೆ ತಿರುಗಲಿಲ್ಲ.

ದಾಕ್ಷಾಯಣಿ ಕಂಬಕ್ಕೆ ಒರಗಿ ದೂರ ಕೂತಳು. ಮಾಡಿದ್ದನ್ನು ತಿದ್ದಿದ್ದೇನೋ ಆಯಿತು. ಆದರೆ ಸುಗಂಧಾಳ ಹಾಳೆಯ ಮೇಲೆ ಅಕ್ಕೋರು ಬಗ್ಗಿದ್ದು ಕಂಡು ಒಳಗೆ ಮತ್ತೆ ಚುರ್ ಅಂದಿತು. ಹೊಳೆದಂಡೆಯಲ್ಲಿ ಹೆಸರು ಹೇಳಿ ಬಂದ ಮಾತ್ರಕ್ಕೆ ಹೊಟ್ಟೆಕಿಚ್ಚು ಊರು ಬಿಟ್ಟು ಹೋಗುತ್ತದೆಯೇ?

ಅಂದಿನ ಪ್ರಶ್ನೆ ಜೀವಕೋಶದ್ದು. ಮೈ ಬೆಳೆಯಲು ಒಂದು ಕೋಶ ಎರಡಾಗುವಾಗ, ಅದರೊಳಗಿನ ವರ್ಣತಂತುಗಳು ಎರಡು ಮರಿಕೋಶಗಳಿಗೆ ಹೇಗೆ ಹಂಚಿಕೆಯಾಗುತ್ತವೆ?

ದಾಕ್ಷಾಯಣಿ ಬರೆದು ತೋರಿಸಿದಳು. ‘ಒಂದಕ್ಕೆ ಅರ್ಧ, ಇನ್ನೊಂದಕ್ಕೆ ಅರ್ಧ.’

“ಯಾಕ ಅರ್ಧ?” ಅಕ್ಕೋರು ಕೇಳಿದರು.

“ಹಂಚಿದ ಮ್ಯಾಲೆ ಅರ್ಧ ಆಗೂದ ಅಲ್ರಿ?” ಅವಳು ಪೆನ್ನು ಕೆಳಗಿಟ್ಟಳು. “ಮೊದಲ ನೀವು ನನಗ ಪೂರಾ ಇದ್ರಿ ಅಕ್ಕೋರ. ಆಕಿ ಬಂದ ಮ್ಯಾಲೆ…”

ಸೆರಗಿಲ್ಲದ ಹುಡುಗಿ, ಅಂಗೈಯಲ್ಲೇ ಕಣ್ಣು ಒರೆಸಿಕೊಂಡಳು.

ಸುಗಂಧಾ ತನ್ನ ಪುಸ್ತಕ ತೆಗೆದು ಪುಟ ತಿರುವಿ, ಅವಳ ಕಡೆ ತಳ್ಳಿದಳು. ಮುಖ ಮಾತ್ರ ನೋಡಲಿಲ್ಲ.

“ಓದು” ಅಂದರು ಅಕ್ಕೋರು. “ಹಂಚೂಕಿಂತ ಮೊದಲ ಆ ಕೋಶ ಏನ ಮಾಡ್ತದ?”

ದಾಕ್ಷಾಯಣಿ ಓದಿದಳು. “‘ಎರಡಾಗುವ ಮುನ್ನ ಜೀವಕೋಶವು ತನ್ನ ಎಲ್ಲ ವರ್ಣತಂತುಗಳನ್ನೂ ಇಮ್ಮಡಿ ಮಾಡಿಕೊಳ್ಳುತ್ತದೆ.’”

“ಹಂಗಾರ ಹೇಳವಾ, ಅರ್ಧ ಯಾರ ಪಾಲಿಗೆ ಬಂತು?”